ಒಂದೇ ಫೈಲು, ಒಂದೇ ಸೂರು: ಕುಡಿತ ಮತ್ತು ಮನಸ್ಸಿನ ಕಾಯಿಲೆಯನ್ನು ಒಟ್ಟಿಗೆ ನೋಡಿದ ನನ್ನ ಅನುಭವ

"ಎರಡು ದೋಣಿ ಮೇಲೆ ಕಾಲಿಟ್ಟರೆ ನೀರಿಗೆ ಬೀಳ್ತೀರಿ ಮಾರಾಯ್ರೆ" ಎಂದು, ಕುಡಿತಕ್ಕೂ ಮನಸ್ಸಿನ ಕಾಯಿಲೆಗೂ ಒಟ್ಟಿಗೆ ಚಿಕಿತ್ಸೆ ಕೊಡಲು ಹೊರಟಾಗ ನನಗೆ ಬುದ್ಧಿ ಹೇಳಿದ ಹಿರಿಯರೊಬ್ಬರು ಈಗ ತಿಂಗಳಿಗೆ ಒಬ್ಬರನ್ನೋ ಇಬ್ಬರನ್ನೋ ನಮ್ಮಲ್ಲಿಗೆ ಕಳಿಸುತ್ತಾರೆ. ಚೀಟಿಯಲ್ಲಿ "ಎರಡೂ ಇದೆ, ನೋಡಿ" ಅಂತ ಅಷ್ಟೇ ಬರೆದಿರುತ್ತಾರೆ. ಆ ಚೀಟಿ ಓದಿದಾಗೆಲ್ಲ ಸ್ವಲ್ಪ ಜಂಬ ಬರುತ್ತದೆ, ಸುಳ್ಳು ಯಾಕೆ ಹೇಳಲಿ. ಇತ್ತೀಚೆಗೆ ಬೇರೆ ಕೇಂದ್ರದವರೂ "ನಿಮ್ಮ ಫಾರಂ ಒಂದು ಕಾಪಿ ಕೊಡಿ, ಹೇಗೆ ಮಾಡ್ತೀರಿ ಹೇಳಿ" ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಫೋನಲ್ಲಿ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅನ್ನಿಸಿತು.

ನಮ್ಮದು ಸಾಗರ ಪೇಟೆಯ ಅಂಚಿನಲ್ಲಿರುವ ಸಣ್ಣ ಕೇಂದ್ರ. ಹಳೇ ಅಡಿಕೆ ವ್ಯಾಪಾರಿಯೊಬ್ಬರ ಮನೆ ಬಾಡಿಗೆಗೆ ಹಿಡಿದಿದ್ದೇವೆ. 12 ಹಾಸಿಗೆ. ನಾನು ಡಾಕ್ಟರ್ ಅಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯ) ಓದಿ ಈ ಕೆಲಸಕ್ಕೆ ಬಂದವನು. ಮನೋವೈದ್ಯರು ಶಿವಮೊಗ್ಗದಿಂದ ವಾರಕ್ಕೆ ಎರಡು ದಿನ ಬರುತ್ತಾರೆ. ಮಾತ್ರೆ ಬರೆಯುವುದು, ಡೋಸ್ ಏರಿಸುವುದು, ಇಳಿಸುವುದು ಎಲ್ಲ ಅವರದ್ದು. ಉಳಿದದ್ದು ನನ್ನದು ಮತ್ತು ಇಬ್ಬರು ನರ್ಸ್‌ಗಳದ್ದು. ಆಡಿಟ್ ಸ್ಕೋರು (ಕುಡಿತ ಎಷ್ಟಿದೆ ಎಂದು ಅಳೆಯುವ ಪ್ರಶ್ನಾವಳಿ), ವಿತ್‌ಡ್ರಾವಲ್ (ಕುಡಿತ ನಿಲ್ಲಿಸಿದಾಗ ಬರುವ ನಡುಕ, ಫಿಟ್ಸ್) ಚಾರ್ಟು, ಥಯಮಿನ್ ಎನ್ನುವ ವಿಟಮಿನ್ ಕೊಟ್ಟ ಮೇಲೇ ಗ್ಲೂಕೋಸ್ ಹಾಕುವುದು, ಇವೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಮತ್ತೆ ಬರೆಯುವುದಿಲ್ಲ.

2020ರವರೆಗೆ ನಾವೂ ಎಲ್ಲರ ಹಾಗೇ ಮಾಡುತ್ತಿದ್ದೆವು. ಮೊದಲು ಕುಡಿತ ಬಿಡಿಸು. ಒಂದು ತಿಂಗಳು ಕಾಯಿ. ಆಮೇಲೂ ಮನಸ್ಸು ನೆಟ್ಟಗಾಗದಿದ್ದರೆ ರೆಫರ್ ಮಾಡು. ಪುಸ್ತಕದ ಲೆಕ್ಕದಲ್ಲಿ ಇದು ತಪ್ಪೇನಲ್ಲ. ಕುಡಿತದಿಂದಲೇ ಬಂದ ಬೇಸರ, ಭಯ ಎಷ್ಟೋ ಜನರಲ್ಲಿ ಎರಡರಿಂದ ನಾಲ್ಕು ವಾರದೊಳಗೆ ತಾನಾಗಿ ಇಳಿಯುತ್ತದೆ. ಆದರೆ ಇಳಿಯದವರು ಆ ನಾಲ್ಕು ವಾರ ನಮಗಾಗಿ ಕಾಯುತ್ತಾ ಕೂರುವುದಿಲ್ಲ. ಹತ್ತನೇ ದಿನಕ್ಕೆ ಗೇಟು ದಾಟಿರುತ್ತಾರೆ. ಇನ್ನು ದೊಡ್ಡ ಊರಿನ ಮನೋವೈದ್ಯರ ಒ.ಪಿ.ಡಿ.ಗೆ (ಹೊರರೋಗಿ ವಿಭಾಗಕ್ಕೆ) ಕಳಿಸಿದರೆ, ಬಾಯಿಂದ ವಾಸನೆ ಬಂದರೆ "ಕುಡಿಯೋದು ಬಿಟ್ಟು ಬಾ" ಅನ್ನುತ್ತಾರೆ. ಕುಡಿತ ಬಿಡಿಸುವ ಕೇಂದ್ರಕ್ಕೆ ಹೋಗಿ, ಯಾರೂ ಇಲ್ಲದಿದ್ದರೂ ಕಿವಿಯಲ್ಲಿ ದನಿ ಕೇಳಿಸುತ್ತೆ ಅಂದರೆ "ಮೊದಲು ತಲೆ ಸರಿ ಮಾಡಿಸ್ಕೊಂಡು ಬಾ" ಅನ್ನುತ್ತಾರೆ. ನಡುವೆ 70 ಕಿಲೋಮೀಟರ್ ಬಸ್ಸು. ಇಳಿದಲ್ಲಿ ಬಾರು. ಹೆಂಡತಿ ಅಡಿಕೆ ಸುಲಿದ ದುಡ್ಡೆಲ್ಲ ಟಿಕೆಟ್ಟಿಗೆ.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಿಮ್ಹಾನ್ಸ್‌ನವರು ಮಾಡಿದ್ದು. ಅದರಲ್ಲಿ ಕುಡಿತದ ಕಾಯಿಲೆ ಇದ್ದೂ ಚಿಕಿತ್ಸೆ ಸಿಗದವರು ಶೇ 86. ಅಂದರೆ ನಮ್ಮ ಬಾಗಿಲಿಗೆ ಬರುವವರೇ ಬೆರಳೆಣಿಕೆ. ಅವರನ್ನೂ ಈ ಕೌಂಟರಿಂದ ಆ ಕೌಂಟರಿಗೆ ಓಡಿಸಿದರೆ ಹೇಗೆ? 2017ರ ಮಾನಸಿಕ ಆರೋಗ್ಯ ಕಾಯ್ದೆ ನೋಡಿ. ಮದ್ಯ, ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಅದು ಮಾನಸಿಕ ಕಾಯಿಲೆ ಎಂದೇ ಲೆಕ್ಕ ಹಾಕುತ್ತದೆ. ಕಾನೂನು ಒಂದೇ ಚೀಲಕ್ಕೆ ಹಾಕಿದ್ದನ್ನು ನಾವು ಎರಡು ಮಾಡಿಕೊಂಡಿದ್ದೇವೆ.

ನನ್ನ ಕಣ್ಣು ತೆರೆಸಿದ್ದು ಲಾಕ್‌ಡೌನ್. 2020ರ ಮಾರ್ಚ್ ಕೊನೆಯಿಂದ ಮೇ 4ಕ್ಕೆ ಅಂಗಡಿ ಬಾಗಿಲು ತೆರೆಯುವವರೆಗೆ ರಾಜ್ಯದಲ್ಲಿ ಮದ್ಯ ಮಾರಾಟ ಬಂದ್. ಸುಮಾರು 40 ದಿನ. ಮೊದಲ ವಾರ ಫೋನು ಕೆಳಗಿಡಲು ಆಗಲಿಲ್ಲ. ಒಬ್ಬನಿಗೆ ಫಿಟ್ಸ್, ಇನ್ನೊಬ್ಬ ಗೋಡೆ ಮೇಲೆ ಹುಳ ಹರಿಯುತ್ತೆ ಎಂದು ಕೂಗುತ್ತಾನೆ, ಮತ್ತೊಬ್ಬ ರಾತ್ರಿಯಿಡೀ ಇಲ್ಲದ ಅಡಿಕೆ ಸುಲಿಯುತ್ತಾ ಕೂತಿದ್ದಾನೆ. ಅದನ್ನು ಹೇಗೋ ದಾಟಿಸಿದೆವು. ಆದರೆ ಆಮೇಲೆ ನಡೆದದ್ದು ನೋಡಿ. ಮೂರನೇ ವಾರಕ್ಕೆ ನಮ್ಮ ಹಳೇ ಪೇಶೆಂಟುಗಳು ಎರಡು ಗುಂಪಾದರು. ಒಂದು ಗುಂಪಿನವರ ಮುಖದಲ್ಲಿ ಕಳೆ ಬಂತು, ಊಟ ಸೇರಿತು, ಬೇಲಿ ಕಟ್ಟಲು ಹೋದರು. ಇನ್ನೊಂದು ಗುಂಪಿನವರು ಕುಡಿಯದೇ ಇದ್ದರೂ ಕೆಟ್ಟರು. ನಿದ್ದೆ ಇಲ್ಲ, ಬಾಗಿಲು ಹಾಕಿಕೊಂಡು ಕೂರುವುದು, ಅಕ್ಕಪಕ್ಕದವರ ಮೇಲೆ ಗುಮಾನಿ, ಸತ್ತುಹೋದರೆ ಸಾಕು ಎನ್ನುವ ಮಾತು. ಕುಡಿತ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಾವು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೆವಲ್ಲ, ಆ ಮಾತು ಅರ್ಧ ಜನರ ಮಟ್ಟಿಗೆ ಸುಳ್ಳು ಎಂದು 40 ದಿನದಲ್ಲಿ ಪುಕ್ಕಟೆ ಗೊತ್ತಾಯಿತು.

ಆ ವರ್ಷದ ಕೊನೆಗೆ ತೀರ್ಮಾನ ಮಾಡಿದೆವು. ಒಬ್ಬರಿಗೆ ಒಂದೇ ಫೈಲು. ಕುಡಿತಕ್ಕೆ ಬೇರೆ, ಮನಸ್ಸಿಗೆ ಬೇರೆ ಎನ್ನುವುದಿಲ್ಲ. ಸೇರಿದ ಮೊದಲ ವಾರದಲ್ಲೇ ಎರಡನ್ನೂ ನೋಡುವುದು. ಕುಡಿದು ಬಂದರೂ ಹೊರಗೆ ಹಾಕುವುದಿಲ್ಲ, ಮನಸ್ಸಿನ ಮಾತ್ರೆ ನಿಲ್ಲಿಸುವುದಿಲ್ಲ. ಕೇಳಿದವರೆಲ್ಲ ನಕ್ಕರು. "ಹುಚ್ಚು ಹಿಡಿದವರನ್ನೂ ಕುಡುಕರನ್ನೂ ಒಂದೇ ಹಾಲಲ್ಲಿ ಮಲಗಿಸ್ತೀರಾ?" ಎಂದು ನಮ್ಮ ಕಡೆಯ ಇನ್ನೊಂದು ಕೇಂದ್ರದವರು ಕೇಳಿದರು. ನಮ್ಮ ವಾಚ್‌ಮನ್ ಮಾರನೇ ದಿನವೇ ಕೆಲಸ ಬಿಟ್ಟ.

ಈಗ ಫಾರಂ ವಿಷಯ. ಎಲ್ಲರೂ ಕೇಳುವುದು ಅದನ್ನೇ. ಅದು ಫಾರಂ ಅಲ್ಲ, ಅಂಗಡಿಯಲ್ಲಿ ಸಿಗುವ ಕಂದು ಕಾಗದದ ಉದ್ದ ಹಾಳೆ. ಅಡ್ಡಕ್ಕೆ ಮೂರು ಗೆರೆ. ಮೇಲಿನದು ಎಣ್ಣೆ (ಅಂದರೆ ಮದ್ಯ), ಸೊಪ್ಪು (ಅಂದರೆ ಗಾಂಜಾ), ಮಾತ್ರೆ, ಏನೇನು ತಗೊಂಡರೋ ಅದು. ನಡುವಿನದು ಮನಸ್ಸು: ನಿದ್ದೆ, ಭಯ, ಬೇಸರ, ದನಿ, ಗುಮಾನಿ, ಅತಿ ಹುರುಪು. ಕೆಳಗಿನದು ಕೆಲಸ, ಸಾಲ, ಆಸ್ಪತ್ರೆ. ಯಾವುದು ಮೊದಲು ಬಂತು, ಯಾವುದರ ಹಿಂದೆ ಯಾವುದು ಬಂತು, ಕುಡಿಯದೇ ಇದ್ದ ಅತಿ ಉದ್ದದ ಅವಧಿಯಲ್ಲಿ ನಡುವಿನ ಗೆರೆ ಏನು ಮಾಡಿತು, ಇಷ್ಟೇ ನೋಡಬೇಕಾದ್ದು.

ಕಷ್ಟ ಇರುವುದು ದಿನಾಂಕದಲ್ಲಿ. "ಯಾವ ವರ್ಷ?" ಎಂದರೆ ಯಾರಿಗೂ ನೆನಪಿರುವುದಿಲ್ಲ. ಮೊದಲು ಇಸವಿ ಹಾಕಿ ನೋಡಿದೆವು, ಹಾಳೆಯೆಲ್ಲ ಕಲಸುಮೇಲೋಗರ. ಆಮೇಲೆ ಜಾತ್ರೆ ಹಿಡಿದೆವು. ಸಾಗರದ ಮಾರಿಜಾತ್ರೆ ಮೂರು ವರ್ಷಕ್ಕೊಮ್ಮೆ. ಶಿವಮೊಗ್ಗ ಕಡೆಯವರಿಗೆ ಕೋಟೆ ಮಾರಿಕಾಂಬೆ ಜಾತ್ರೆ, ಎರಡು ವರ್ಷಕ್ಕೊಮ್ಮೆ. "ಹಿಂದಿನ ಮಾರಿಜಾತ್ರೆಗೆ ನಿದ್ದೆ ಬರ್ತಿತ್ತಾ? ಅದರ ಹಿಂದಿನದಕ್ಕೆ?" ಎಂದರೆ ಥಟ್ಟನೆ ಹೇಳುತ್ತಾರೆ. ಯಾರು ಬಂದಿದ್ದರು, ಯಾರ ಜೊತೆ ಜಗಳ ಆಯಿತು, ಕೋಳಿ ಯಾರು ತಂದರು, ಎಲ್ಲ ಬರುತ್ತದೆ. ಅದರ ಮಧ್ಯೆ ಅಡಿಕೆ ಕೊನೆ (ಗೊನೆ) ಕೊಯ್ಲು, ಮಳೆಗಾಲ, ಆರಿದ್ರಾ ಮಳೆ, ಭೂಮಿ ಹುಣ್ಣಿಮೆ ಹಾಕಿಕೊಂಡರೆ ತಿಂಗಳು ಕೂಡ ಸಿಗುತ್ತದೆ. 2007ರ ಜುಲೈಯಲ್ಲಿ ಸಾರಾಯಿ ಬಂದ್ ಆದದ್ದು ವಯಸ್ಸಾದವರಿಗೆ ಒಳ್ಳೆ ಗುರುತು. ಲಾಕ್‌ಡೌನ್ ಎಲ್ಲರಿಗೂ ಗುರುತು. ಆದರೆ ಲಾಕ್‌ಡೌನಲ್ಲಿ ಕುಡಿದಿರಲಿಲ್ಲ ಎಂದರೆ ನಂಬಬೇಡಿ. ಕಳ್ಳಬಟ್ಟಿ ಸಿಗುತ್ತಿತ್ತಾ ಎಂದು ಹೆಂಡತಿಯನ್ನೋ ತಮ್ಮನನ್ನೋ ಬೇರೆ ಕೂರಿಸಿ ಕೇಳಿ. ಒಂದು ಹಾಳೆಗೆ ಮುಕ್ಕಾಲು ಗಂಟೆ ಬೇಕು. ಖರ್ಚು ಹತ್ತಿಪ್ಪತ್ತು ರೂಪಾಯಿ.

ಈ ಹಾಳೆ ಏನು ಮಾಡುತ್ತದೆ ಹೇಳುತ್ತೇನೆ. ಊರು, ಕಸುಬು ಬದಲಿಸಿದ್ದೇನೆ, ಯಾರೂ ಹುಡುಕಬೇಡಿ.

ತೋಟ ಇರುವ ಯಜಮಾನರೊಬ್ಬರು. ನಾಲ್ಕೈದು ಕಡೆ ಸೇರಿ ಬಿಟ್ಟು ಬಂದವರು. ಎಲ್ಲ ಕಡೆಯ ಚೀಟಿಯಲ್ಲೂ "ಮದ್ಯ ವ್ಯಸನ" ಎಂದಷ್ಟೇ. ದೇವರ ಮುಂದೆ ಆಣೆ ಕೂಡ ಆಗಿತ್ತು. ಹಾಳೆ ಬರೆದರೆ ಮೇಲಿನ ಗೆರೆಯಲ್ಲಿ ವರ್ಷಗಟ್ಟಲೆ ಏನೂ ಇಲ್ಲ. ಒಂದು ತೊಟ್ಟೂ ಇಲ್ಲ. ಆಮೇಲೆ ಇದ್ದಕ್ಕಿದ್ದ ಹಾಗೆ ಎರಡು ತಿಂಗಳು ಹಗಲೂ ರಾತ್ರಿ ಕುಡಿತ. ನಡುವಿನ ಗೆರೆ ನೋಡಿದರೆ ಪ್ರತಿ ಸಲವೂ ಕುಡಿತಕ್ಕೆ ಒಂದು ವಾರ ಮೊದಲು ನಿದ್ದೆ ಹೋಗಿದೆ. ಬೆಳಗಿನ ಜಾವ ಮೂರಕ್ಕೆ ಎದ್ದು ತೋಟ ಸುತ್ತುವುದು, ಮಾತು ಜಾಸ್ತಿ, ಯಾರಿಗೋ ಅಡಿಕೆ ಮುಂಗಡ ಕೊಡುವುದು, ಹಳೇ ಜೀಪು ಕೊಳ್ಳುವುದು. ಆಮೇಲೆ ಬಾಟ್ಲಿ. ಅವರ ಹೆಂಡತಿ ಹಾಳೆ ನೋಡಿ "ಇದನ್ನೇ ನಾನು ಎಲ್ಲ ಕಡೆ ಹೇಳಿದ್ದೆ, ಯಾರೂ ಬರ್ಕಳ್ಳಲಿಲ್ಲ" ಎಂದರು. ಡಾಕ್ಟರು ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಅತಿ ಹುರುಪಿಗೆ ಒಮ್ಮೆ ಬೇಸರಕ್ಕೆ ಜಾರುವ ಕಾಯಿಲೆ ಎಂದು ತೀರ್ಮಾನಿಸಿ, ಆ ಏರಿಳಿತ ತಡೆಯುವ ಲಿಥಿಯಂ ಶುರು ಮಾಡಿದರು. ಎರಡು ಕೊಯ್ಲು ಸುಖವಾಗಿ ಕಳೆಯಿತು. ಮೂರನೆಯದರಲ್ಲಿ ನಿದ್ದೆ ಕೆಟ್ಟ ಎರಡನೇ ದಿನಕ್ಕೇ ಮನೆಯವರು ಕರೆತಂದರು. ಕುಡಿತದವರೆಗೆ ಹೋಗಲೇ ಇಲ್ಲ.

ಲಿಥಿಯಂ ವಿಷಯದಲ್ಲಿ ನಮ್ಮ ಕಡೆ ಒಂದು ಅಪಾಯ ಇದೆ. ತೋಟದ ಕೆಲಸ ಮಾಡುವವರು ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಗೊಂಡು ನುಂಗುತ್ತಾರೆ. ಆ ಜಾತಿ ಮಾತ್ರೆ ರಕ್ತದಲ್ಲಿ ಲಿಥಿಯಂ ಏರಿಸುತ್ತದೆ. ಅದರ ಮೇಲೆ ಬೆವರು, ವಾಂತಿ, ಭೇದಿ ಆದರೆ ಕೇಳುವುದೇ ಬೇಡ. ಕೈ ಜೋರಾಗಿ ನಡುಗುವುದು, ತೂರಾಡುವುದು ಕಂಡರೆ ಮನೆಯವರು "ಮತ್ತೆ ಕುಡಿದಿದ್ದಾರೆ" ಎಂದುಕೊಳ್ಳುತ್ತಾರೆ! ಇದನ್ನು ಪ್ರತಿ ಮನೆಗೂ ಎರಡೆರಡು ಸಲ ಹೇಳಿ. ನೋವಿಗೆ ಯಾವ ಮಾತ್ರೆ ತಗೋಬಹುದು ಎಂದು ಡಾಕ್ಟರ ಕೈಲಿ ಬರೆಸಿ ಫೈಲಿಗೆ ಅಂಟಿಸಿ.

ಇನ್ನೊಬ್ಬರು ಕೊನೆ ಕೊಯ್ಯುವವರು. ಮರ ಹತ್ತುವ ಮುಂಚೆ 90 ಎಂ.ಎಲ್. ಒಳಗೆ ಹೋಗಲೇಬೇಕು. "ಕೊನೆ ಕೊಯ್ಯೋರು ಕುಡಿಯದೇ ಇರ್ತಾರಾ" ಎಂದು ಎಲ್ಲರೂ ಬಿಟ್ಟುಬಿಟ್ಟಿದ್ದರು. ಹಾಳೆಯಲ್ಲಿ ಬಂದದ್ದೇ ಬೇರೆ. ಕುಡಿತ ಶುರುವಾಗುವ ಮುಂಚೆಯೇ ಒಂದು ದಿನ ಮರದ ನಡುವೆ ಎದೆ ಹೊಡೆದುಕೊಂಡು, ಕೈ ಮರಗಟ್ಟಿ, ಸತ್ತೇ ಹೋದೆ ಅನ್ನಿಸಿ ಇಳಿದುಬಿಟ್ಟಿದ್ದರು. ಆಮೇಲೆ ಜೊತೆಯವನೊಬ್ಬ ಮದ್ದು ಹೇಳಿಕೊಟ್ಟ, ಅದೇ ಎಣ್ಣೆ. ಅಲ್ಲಿಗೆ ಅದು ಚಟವಲ್ಲ, ಔಷಧಿ. ಇಂಥವರಿಗೆ ಬರೀ ಕುಡಿತ ಬಿಡಿಸಿ ಕಳಿಸಿದರೆ ಮೊದಲ ಮರದಲ್ಲೇ ವಾಪಸು. ಭಯ, ಬೇಸರಕ್ಕೆ ಕೊಡುವ ಸರ್ಟ್ರಾಲಿನ್ ಮಾತ್ರೆ ಸಣ್ಣ ಡೋಸಿನಿಂದ ಶುರುವಾಯಿತು. ಭಯಕ್ಕೆ ಬೇಗ ಕೇಳುತ್ತದೆ ಎಂದು ಆಲ್ಪ್ರಜೋಲಂ (ಚಟ ಹಿಡಿಸಬಲ್ಲ ನಿದ್ದೆ ಜಾತಿಯ ಮಾತ್ರೆ) ಕೊಡುವವರಿದ್ದಾರೆ. ಕುಡಿತ ಇರುವವರಿಗೆ ಅದು ಇನ್ನೊಂದು ಬಾಟ್ಲಿ ಅಷ್ಟೇ, ನಮ್ಮಲ್ಲಿ ವಿತ್‌ಡ್ರಾವಲ್ ಮುಗಿದ ಮೇಲೆ ಆ ಜಾತಿಯದು ಯಾವುದೂ ಇಲ್ಲ. ಜೊತೆಗೆ ಹಿತ್ತಲಿನ ಮರದಲ್ಲೇ ಆಳುದ್ದ ಹತ್ತಿ ಇಳಿಯುವ ಅಭ್ಯಾಸ, ವಾರಕ್ಕೆ ಸ್ವಲ್ಪ ಸ್ವಲ್ಪ ಮೇಲೆ. ಅಷ್ಟರಲ್ಲಿ ಅವರ ತೋಟದವರು ಕಾರ್ಬನ್ ಫೈಬರ್ ದೋಟಿ ತಂದರು, ನೆಲದ ಮೇಲೆ ನಿಂತೇ ಕೊಯ್ಯುವುದಾಯಿತು. ನನ್ನ ಚಿಕಿತ್ಸೆ ಗೆದ್ದಿತೋ ದೋಟಿ ಗೆದ್ದಿತೋ ಎಂದು ನಮ್ಮ ನರ್ಸ್ ಈಗಲೂ ಕಾಲೆಳೆಯುತ್ತಾರೆ.

ಸೊಪ್ಪಿನ ಹುಡುಗರು ಬೇರೆಯೇ ಕಥೆ. ಬೆಂಗಳೂರಲ್ಲಿ ಓದು ಬಿಟ್ಟು ಊರಿಗೆ ಬಂದ ಒಬ್ಬ. ಮಳೆಗಾಲದಲ್ಲಿ ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ, ಹೆಂಚಿನ ಮೇಲೆ ಮಳೆ ಬಿದ್ದರೆ ಅದರಲ್ಲಿ ತನ್ನ ಹೆಸರು ಕೇಳುತ್ತೆ ಅನ್ನುತ್ತಿದ್ದ. ಅಮ್ಮ ಮೊದಲು ಪ್ರಶ್ನೆ ಕೇಳಿಸಿದ್ದರು, ಗಾಳಿ ಸೋಕಿದೆ ಅಂತಾಗಿತ್ತು. ನಾನು ಅದರ ಜೊತೆ ಜಗಳಕ್ಕೆ ಹೋಗುವುದಿಲ್ಲ. "ತಾಯತ ಇರಲಿ ಅಮ್ಮಾ, ಮಾತ್ರೆಯೂ ಇರಲಿ" ಎಂದರೆ ಸಾಕು. ಅಂದಹಾಗೆ ನಮ್ಮ ಜಿಲ್ಲೆಯಲ್ಲಿ ಶಿವಮೊಗ್ಗದ ಮನೋವೈದ್ಯ ಡಾ. ಕೆ.ಎ. ಅಶೋಕ್ ಪೈ ಅವರ ಕಾಲದಿಂದ ಮನೋವೈದ್ಯರ ಹೆಸರೆತ್ತಿದರೆ ಜನ ತೀರಾ ಬೆಚ್ಚಿ ಬೀಳುವುದಿಲ್ಲ. ಆ ಪುಣ್ಯ ನಮಗೆ ಬಂದದ್ದು.

ಸೊಪ್ಪಿನಿಂದಲೇ ಬಂದದ್ದಾದರೆ ಸಾಮಾನ್ಯವಾಗಿ ಬಿಟ್ಟ ಕೆಲವು ದಿನ, ಕೆಲವು ವಾರದಲ್ಲಿ ತಗ್ಗುತ್ತದೆ. ಈ ಹುಡುಗನದ್ದು ಒಂದು ತಿಂಗಳು ದಾಟಿದರೂ ತಗ್ಗಲಿಲ್ಲ. ಆದರೆ ನಾವು ಆ ತಿಂಗಳು ಸುಮ್ನೆ ಕೂತಿರಲಿಲ್ಲ, ಎರಡನೇ ದಿನದಿಂದಲೇ ಮಾತ್ರೆ ನಡೆದಿತ್ತು. ಹೆಸರು ಆಮೇಲೆ ಇಟ್ಟರಾಯಿತು. ಮಾತ್ರೆ ನಾಲಿಗೆ ಅಡಿ ಇಟ್ಟುಕೊಂಡು ಉಗಿಯುತ್ತಿದ್ದ. ಕೊನೆಗೆ ತಿಂಗಳಿಗೊಮ್ಮೆಯ ಇಂಜೆಕ್ಷನ್‌ಗೆ ಅವನೇ ಒಪ್ಪಿದ. ಈಗ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಸೊಪ್ಪು ಪೂರ್ತಿ ಬಿಟ್ಟಿದ್ದಾನೆ ಎಂದು ಎದೆ ತಟ್ಟಿ ಹೇಳಲಾರೆ. ವರ್ಷದಲ್ಲಿ ಎರಡು ಮೂರು ಸಲ ಜಾರುತ್ತಾನೆ, ಬಂದು ಹೇಳುತ್ತಾನೆ. ಹಳೇ ನಿಯಮ ಇದ್ದಿದ್ದರೆ ಮೊದಲ ಸಲಕ್ಕೇ ಹೊರಗೆ ಹಾಕಿರುತ್ತಿದ್ದೆವು, ಇಂಜೆಕ್ಷನ್ನೂ ತಪ್ಪಿರುತ್ತಿತ್ತು.

ಗುಮಾನಿ ಇರುವವರು ಮೊದಲ ದಿನ ನಮ್ಮ ಊಟ ಮುಟ್ಟುವುದಿಲ್ಲ, ವಿಷ ಹಾಕಿದ್ದೀರಿ ಎನ್ನುತ್ತಾರೆ. ಅವರು ಊಟ ಮಾಡುವ ಹಾಗೆ ಮಾಡಲು ನಮ್ಮ ಅಡುಗೆಯವರದ್ದೇ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಪೇಶೆಂಟುಗಳೂ ಓದುತ್ತಾರೆ, ಆಮೇಲೆ ಅದು ನಡೆಯುವುದಿಲ್ಲ.

ಕೆಟ್ಟ ಪ್ರಯೋಗಗಳೂ ಬೇಕಾದಷ್ಟಿವೆ. ಗುಂಪು ಸಭೆ ಅದರಲ್ಲಿ ಮೊದಲನೆಯದು. ಕುಡಿತದ ಗುಂಪಿನಲ್ಲಿ ಒಬ್ಬರನ್ನೊಬ್ಬರು ಕೆಣಕುವುದು, "ಸುಳ್ಳು ಹೇಳ್ಬೇಡ" ಅಂತ ಬಾಯಿ ಬಿಡಿಸುವುದು ವಾಡಿಕೆ. ದನಿ ಕೇಳಿಸುವವನನ್ನು ಅದರಲ್ಲಿ ಕೂರಿಸಿದರೆ ಆ ರಾತ್ರಿಯೇ ಬಿಗಡಾಯಿಸುತ್ತದೆ. ಇದು ಒಮ್ಮೆಯಲ್ಲ, ಹಲವು ಸಲ ಆಯಿತು. ಈಗ ನಾಲ್ಕೇ ಜನ, 20 ನಿಮಿಷ, ಎದ್ದು ಹೋಗಬೇಕು ಅನ್ನಿಸಿದರೆ ಎದ್ದು ಹೋಗಬಹುದು, ಯಾರೂ ಯಾರನ್ನೂ ಪ್ರಶ್ನೆ ಮಾಡುವ ಹಾಗಿಲ್ಲ. ಹೊರಗಿನಿಂದ ಬಂದು ಅನುಭವ ಹೇಳುವ ಒಬ್ಬರಿದ್ದರು, ಕುಡಿತ ಬಿಟ್ಟು ತುಂಬ ವರ್ಷ ಆದವರು. ಒಳ್ಳೆ ಮಾತುಗಾರರು. ಆದರೆ ಒಂದು ದಿನ "ಮಾತ್ರೆಯೂ ಒಂದು ಚಟವೇ, ಅದನ್ನೂ ಬಿಡಿ" ಎಂದುಬಿಟ್ಟರು. ಆ ವಾರ ಮೂರ್ನಾಲ್ಕು ಜನ ಮಾತ್ರೆ ನಿಲ್ಲಿಸಿದರು, ಒಬ್ಬರನ್ನು ರಾತ್ರೋರಾತ್ರಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸಾಗಿಸಬೇಕಾಯಿತು. ಆಂಬುಲೆನ್ಸ್ ಬಾಡಿಗೆ ನಮ್ಮ ಕೈಯಿಂದ. ಈಗ ಯಾರೇ ಮಾತಾಡಲು ಬಂದರೂ ಮಾತ್ರೆ ಬಗ್ಗೆ ಚಕಾರ ಎತ್ತುವುದಿಲ್ಲ ಎಂದು ಮೊದಲೇ ಒಪ್ಪಿಸಿಕೊಳ್ಳುತ್ತೇವೆ.

ಗುಟ್ಟಾಗಿ ಪುಡಿ ಹಾಕುವವರ ಬಗ್ಗೆಯೂ ಹೇಳಬೇಕು. "ಸಾರ್, ಸಾಂಬಾರಲ್ಲಿ ಹಾಕೋ ಪುಡಿ ಕೊಡಿ, ಇವ್ರಿಗೆ ಗೊತ್ತಾಗ್ಬಾರ್ದು" ಎಂದು ಕೇಳದ ಮನೆಯಿಲ್ಲ. ಆ ಪುಡಿ ಅಂದರೆ ಡೈಸಲ್ಫಿರಾಮ್, ಕುಡಿದರೆ ಮೈಗೆ ಆಗದ ಹಾಗೆ ಮಾಡುವ ಔಷಧಿ. ಅದನ್ನು ಗುಟ್ಟಾಗಿ ಕೊಟ್ಟು, ಮೇಲೆ ಅವರು ಕುಡಿದರೆ ಬಿ.ಪಿ. ಇಳಿದು ಪ್ರಾಣಕ್ಕೇ ಕುತ್ತು ಬರಬಹುದು. ಜೊತೆಗೆ ಸೈಕೋಸಿಸ್ (ಇಲ್ಲದ ದನಿ ಕೇಳುವುದು, ವಿಪರೀತ ಗುಮಾನಿ) ಇರುವವರಲ್ಲಿ ಅದು ಕಾಯಿಲೆಯನ್ನೇ ಕೆದಕಬಹುದು. ಎರಡೂ ಇರುವವರಿಗೆ ನಮ್ಮ ಡಾಕ್ಟರು ಅದನ್ನು ಬರೆಯುವುದೇ ಇಲ್ಲ ಎನ್ನಬಹುದು. ಬದಲಿಗೆ ಕುಡಿಯುವ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್ ಅಥವಾ ಅಕಾಂಪ್ರೊಸೇಟ್ ಬರೆಯುತ್ತಾರೆ, ಲಿವರ್, ಕಿಡ್ನಿ ನೋಡಿಕೊಂಡು. ಬೆಲೆ ಜಾಸ್ತಿ, ಅದು ಬೇರೆ ಗೋಳು.

ಬೀಡಿ ಪ್ರಯೋಗ ನನಗೆ ತುಂಬಾ ಇಷ್ಟವಾದದ್ದು. ಶುರುವಿನಲ್ಲಿ ಒಳಗೆ ಬೀಡಿ ಪೂರ್ತಿ ಬಂದ್ ಮಾಡಿದ್ದೆವು. ದನಿ, ಗುಮಾನಿಗೆ ಕೊಡುವ ಓಲಾಂಜಪಿನ್ ಮಾತ್ರೆ ತಗೊಳ್ಳುವವರು ಎರಡನೇ ವಾರಕ್ಕೆ ಹಗಲೆಲ್ಲ ತೂಕಡಿಸುತ್ತಿದ್ದರು. ಮನೆಗೆ ಹೋದ ಮೇಲೆ ಅದೇ ಡೋಸಲ್ಲಿ ಮತ್ತೆ ದನಿ ಶುರು. ಮಾತ್ರೆ ತಪ್ಪಿಸಿದ್ದಾರೆ ಎಂದು ಮನೆಯವರ ಮೇಲೆ ಸಂಶಯ. ಕಾರಣ ಬೀಡಿ. ಹೊಗೆಯಲ್ಲಿರುವ ಟಾರು ಲಿವರ್‌ಗೆ ಚುರುಕು ಮುಟ್ಟಿಸಿ ಓಲಾಂಜಪಿನ್, ಅದೇ ಬಗೆಯ ಕ್ಲೋಜಪಿನ್‌ಗಳನ್ನು ಬೇಗ ಕರಗಿಸುತ್ತದೆ. ಬೀಡಿ ನಿಂತರೆ ರಕ್ತದಲ್ಲಿ ಔಷಧಿ ಏರುತ್ತದೆ, ಮತ್ತೆ ಸೇದಿದರೆ ಇಳಿಯುತ್ತದೆ. ಅದು ನಿಕೋಟಿನ್‌ನ ಕೆಲಸವಲ್ಲ, ಹಾಗಾಗಿ ಹೊಗೆಸೊಪ್ಪು ಜಗಿಯುವವರಿಗೆ ಈ ತೊಂದರೆ ಇಲ್ಲ. ಈಗ ಫೈಲಿನ ಮೊದಲ ಪುಟದಲ್ಲೇ "ದಿನಕ್ಕೆ ಎಷ್ಟು ಬೀಡಿ" ಎಂದು ಇದೆ, ಡಿಸ್ಚಾರ್ಜ್ ದಿನ ಅದನ್ನು ನೋಡಿಯೇ ಡಾಕ್ಟರು ಡೋಸ್ ಬರೆಯುತ್ತಾರೆ. ಇಷ್ಟು ಸಣ್ಣ ವಿಷಯದಿಂದ ಮತ್ತೆ ಸೇರುವವರು ಎಷ್ಟು ಕಡಿಮೆಯಾದರು ಎಂದರೆ ಯಾರಿಗೂ ನಂಬಿಕೆ ಬರುವುದಿಲ್ಲ.

ಲಕ್ಕಿ ಡಿಪ್ ಕೂಡ ಮಾಡಿದೆವು. ಬಿಸ್ಕತ್ ಡಬ್ಬಿಯಲ್ಲಿ ಚೀಟಿ. ಅರ್ಧ ಖಾಲಿ, ಉಳಿದವುಗಳಲ್ಲಿ ಸೋಪು, ಮಸಾಲೆ ದೋಸೆ, 50 ರೂಪಾಯಿ ರೀಚಾರ್ಜ್. ತಿಂಗಳಿಗೊಬ್ಬರಿಗೆ ಕೊಡೆ, ಮಲೆನಾಡಲ್ಲಿ ಅದಕ್ಕಿರುವ ಬೆಲೆ ನಿಮಗೆ ಗೊತ್ತಲ್ವಾ. ಮೊದಲು ಮೂತ್ರ ಪರೀಕ್ಷೆ ಸರಿ ಬಂದರೆ ಮಾತ್ರ ಚೀಟಿ ಎಂದು ಇಟ್ಟೆವು. ಹುಡುಗರು ಸಿಟ್ಟಾದರು, ಅವರ ಸಿಟ್ಟು ನ್ಯಾಯವೇ. ದಿನಾ ಸೇದುತ್ತಿದ್ದವರಲ್ಲಿ ಸೊಪ್ಪು ಬಿಟ್ಟ ಎಷ್ಟೋ ವಾರದವರೆಗೆ ಮೂತ್ರದಲ್ಲಿ ಕಾಣಿಸುತ್ತದೆ. ಆಮೇಲೆ ಮೊದಲ ಎರಡು ತಿಂಗಳು ಬರೀ ಬಂದದ್ದಕ್ಕೇ ಚೀಟಿ ಎಂದು ಬದಲಿಸಿದೆವು. ತಿಂಗಳಿಗೆ ಎರಡು ಮೂರು ಸಾವಿರದಲ್ಲಿ ಮುಗಿಯುತ್ತದೆ. ಕೌನ್ಸೆಲಿಂಗಿಗೆ ಬಾರದವರು ದೋಸೆಗೆ ಬಂದರು. ಕಷಾಯ, ಯೋಗ, ತರಕಾರಿ ತೋಟ ಎಲ್ಲವನ್ನೂ ನೋಡಿದ್ದೇವೆ. ತರಕಾರಿಯನ್ನು ಮಂಗ ತಿಂದವು.

ದುಡ್ಡಿನ ಮಾತು. ಬಾಡಿಗೆ 18 ಸಾವಿರದ ಆಸುಪಾಸು, ಸಂಬಳ ಎಲ್ಲ ಸೇರಿ ಲಕ್ಷ ದಾಟುತ್ತದೆ, ಡಾಕ್ಟರ ಓಡಾಟ ಬೇರೆ. ತಿಂಗಳಿಗೆ 9-10 ಸಾವಿರ ಫೀಸು ಎಂದು ಬೋರ್ಡಲ್ಲಿದೆ, ಪೂರ್ತಿ ಕೊಡುವವರು ಮೂರರಲ್ಲಿ ಒಬ್ಬರು. ಉಳಿದವರದ್ದು "ಅಡಿಕೆ ಮಾರಿದ ಮೇಲೆ". ಅಡಿಕೆ ದರ ಬಿದ್ದರೆ ನಮ್ಮ ಫೀಸೂ ಬಿತ್ತು. ಮೊದಲ ಎರಡು ವರ್ಷದಲ್ಲಿ ನನ್ನ ಕೈಯಿಂದ ನಾಲ್ಕು ಲಕ್ಷದಷ್ಟು ಹೋಯಿತು, ಹೆಂಡತಿಯ ಬಳೆ ಸಹಕಾರಿ ಸಂಘದಲ್ಲಿ ಇತ್ತು. ಉಳಿಸಿದ್ದು ಎರಡು. ಒಂದು, ಬ್ರ್ಯಾಂಡ್ ಬಿಟ್ಟು ಜನೌಷಧಿಗೆ ಹೋದದ್ದು. ಹೆಚ್ಚಿನವರ ಮನಸ್ಸಿನ ಮಾತ್ರೆ ತಿಂಗಳಿಗೆ ಕೆಲವೇ ನೂರರಲ್ಲಿ ಮುಗಿಯುತ್ತದೆ. ಎರಡು, ಡಿಸ್ಚಾರ್ಜ್ ಆದವರನ್ನು ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಸರ್ಕಾರಿ ಮಾನಸಿಕ ಆರೋಗ್ಯ ಕ್ಲಿನಿಕ್ಕಾದ ಮನೋಚೈತನ್ಯಕ್ಕೆ ಜೋಡಿಸಿದ್ದು. ಮಾತ್ರೆ, ಇಂಜೆಕ್ಷನ್ ಅಲ್ಲಿ ಉಚಿತ. ಕುಡಿತದ ಕೆಲಸ ನಮ್ಮಲ್ಲಿ. ಫೈಲು ಮಾತ್ರ ಒಂದೇ, ಅದನ್ನು ಪೇಶೆಂಟೇ ಪ್ಲಾಸ್ಟಿಕ್ ಕವರಲ್ಲಿ ಹಾಕಿಕೊಂಡು ಓಡಾಡುತ್ತಾನೆ. ಹೊಸದಾಗಿ ಶುರು ಮಾಡುವವರು ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನೋಂದಣಿಗೆ ಸಮಯ, ದುಡ್ಡು ಎರಡನ್ನೂ ಎತ್ತಿಟ್ಟುಕೊಳ್ಳಿ. ಒತ್ತಾಯದ ದಾಖಲಾತಿಗೆ 89ನೇ ಸೆಕ್ಷನ್ ಏನು ಹೇಳುತ್ತದೆ ಎಂದು ಬಾಯಿಪಾಠ ಇರಲಿ. ಕೂಡಿಹಾಕಿ, ಸರಪಳಿ ಕಟ್ಟಿ ಬಿಡಿಸುತ್ತೇವೆ ಎನ್ನುವವರಿಗೆ ನನ್ನ ಹತ್ತಿರ ಮಾತಿಲ್ಲ.

ಬಿಟ್ಟು ಹೋದವರನ್ನು ವಾಪಸು ತರುವುದೇ ನಿಜವಾದ ಕೆಲಸ. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರಿಗೆ ಮುಂಚೆ ಲಾಂಚ್ ಒಂದೇ ದಾರಿ. ಸಂಜೆ ಲಾಂಚ್ ತಪ್ಪಿದರೆ ಹಿನ್ನೀರಿನ ಈಚೆಯೇ ರಾತ್ರಿ, ಆ ಭಯಕ್ಕೆ ಫಾಲೋಅಪ್ಪಿಗೇ ಬರುತ್ತಿರಲಿಲ್ಲ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆದ ಮೇಲೆ ಆ ಕಡೆಯ ಹಾಜರಿ ಕಣ್ಣಿಗೆ ಕಾಣುವಷ್ಟು ಏರಿದೆ. ಉಳಿದವರಿಗೆ ಸಂತೆ ದಿನ ಫಾಲೋಅಪ್ ಇಟ್ಟಿದ್ದೇವೆ. ಹೇಗೂ ಪೇಟೆಗೆ ಬರುತ್ತಾರೆ, ಯಾರೂ "ಎಲ್ಲಿಗೆ ಹೊರಟೆ" ಎಂದು ಕೇಳುವುದಿಲ್ಲ. ಮಾತ್ರೆ ಕೊಡುವ ಜವಾಬ್ದಾರಿ ಹೆಂಡತಿಗೆ ಬೇಡ. ಅದು ದಿನಾ ಜಗಳಕ್ಕೆ ದಾರಿ. ಅಣ್ಣನೋ, ಭಾವನೋ, ಪಕ್ಕದ ಮನೆಯವರೋ ಆದರೆ ನಡೆಯುತ್ತದೆ. ರಾತ್ರಿ ಏನಾದರೂ ಹೆಚ್ಚು ಕಡಿಮೆ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ಆ ನಂಬರ್ ಫೈಲಿನ ಮೇಲೆ ದಪ್ಪಗೆ ಬರೆದಿರುತ್ತೇವೆ. ಕುಡಿದು ಬಂದವರನ್ನು ಮೊದಲ ಹತ್ತು ನಿಮಿಷ ಹೇಗೆ ಕೂರಿಸುತ್ತೇವೆ ಎನ್ನುವುದೂ ನಮ್ಮದೇ ಗುಟ್ಟು. ಬಂದು ನೋಡಿ, ಹೇಳುವುದಿಲ್ಲ.

ಲೆಕ್ಕ ಕೇಳಿದರೆ ನೆನಪಿನಿಂದಲೇ ಹೇಳಬೇಕು. ಮುಂಚೆ ಎರಡೂ ಇದ್ದವರಲ್ಲಿ ಆರು ತಿಂಗಳಾದ ಮೇಲೂ ಸಂಪರ್ಕದಲ್ಲಿದ್ದವರು ನೂರಕ್ಕೆ 15 ಇದ್ದರೆ ಹೆಚ್ಚು. ಈಗ ಅರ್ಧದ ಹತ್ತಿರ. ಪೂರ್ತಿ ಬಿಟ್ಟವರು ಅದರಲ್ಲಿ ಕಡಿಮೆ. ಕಡಿಮೆ ಕುಡಿಯುವವರು, ಕೆಲಸಕ್ಕೆ ಹೋಗುವವರು, ಮಾತ್ರೆ ತಪ್ಪಿಸದವರು ಜಾಸ್ತಿ. ಪೂರ್ತಿ ಬಿಟ್ಟವರನ್ನು ಮಾತ್ರ ಲೆಕ್ಕ ಹಿಡಿಯುವವರಿಗೆ ನಮ್ಮದು ಸೋಲೇ ಇರಬಹುದು. ಇರಲಿ.

ಹೆಂಗಸರದ್ದು ಇನ್ನೂ ಆಗಿಲ್ಲ. ನಮ್ಮಲ್ಲಿ ಅವರಿಗೆ ಹಾಸಿಗೆ ಇಲ್ಲ, ಇದ್ದರೂ ಮನೆಯವರು ಸೇರಿಸುವುದಿಲ್ಲ. ಬರುವವರು "ತಲೆನೋವು ಸಾರ್" ಎಂದು ಬರುತ್ತಾರೆ. ಎರಡನೇ ಸಲ ಬಂದಾಗ ನಿದ್ದೆ ಗುಳಿಗೆಯ ವಿಷಯ ಬಾಯಿಬಿಡುತ್ತಾರೆ, ಮೂರನೇ ಸಲಕ್ಕೆ ಎಣ್ಣೆಯದ್ದು. ಈ ಮಳೆಗಾಲದಿಂದ ಸಂತೆ ದಿನ ಮಧ್ಯಾಹ್ನ ಎರಡು ಗಂಟೆ ಅವರಿಗೆ ಮಾತ್ರ ಎಂದು ಇಡುತ್ತಿದ್ದೇವೆ. ಹಿಂದಿನ ಬಾಗಿಲಿಂದ ಬರಬಹುದು, ಬೋರ್ಡು ಇಲ್ಲ, ಮಾತಾಡುವುದು ನರ್ಸ್ ಅಕ್ಕ. ಹಾಳೆಯಲ್ಲಿ ಅವರಿಗೆ ಜಾತ್ರೆಗಿಂತ ಬಾಣಂತನ, ತವರಿಗೆ ಹೋದ ದಿನಗಳು ಒಳ್ಳೆ ಗುರುತಾಗುತ್ತವೇನೋ ನೋಡಬೇಕು. ಇದನ್ನು ಯಾರಾದರೂ ಈಗಾಗಲೇ ಮಾಡಿದ್ದರೆ ತಿಳಿಸಿ, ನಮ್ಮ ಹಾಳೆಯ ಕಾಪಿ ಕಳಿಸಿಕೊಡುತ್ತೇನೆ.